ಮೂವತ್ತೇಳನೇ ಪುಟದ ಚುಕ್ಕೆ

ಸುಗ್ಗಿಯ ಆರು ವಾರ ನನ್ನ ಕೆಲಸ ತೂಗುವುದು.
ಲಾರಿ ಹತ್ತುತ್ತದೆ, ಮುಳ್ಳು ನಡುಗಿ ನಿಲ್ಲುತ್ತದೆ,
ಬರೆದುಕೊಳ್ಳುತ್ತೇನೆ.
ಗೋಧಿ ಸುರಿದು ಮತ್ತೆ ಬರುತ್ತದೆ,
ಬರಿದಾದದ್ದನ್ನೂ ಬರೆದುಕೊಳ್ಳುತ್ತೇನೆ.
ಅದರಿಂದ ಇದನ್ನು ಕಳೆದರೆ ಉಳಿದದ್ದು ಬೆಳೆ.
ನಾರ್ತ್ ಡಕೋಟದ ಈ ಬಯಲಲ್ಲಿ
ಇಷ್ಟು ಲೆಕ್ಕ ಬಂದರೆ ಬದುಕಬಹುದು.

ಒಂದು ಲಾರಿಗೂ ಇನ್ನೊಂದಕ್ಕೂ ನಡುವೆ
ಎಂಟು ನಿಮಿಷ, ಒಮ್ಮೊಮ್ಮೆ ಹನ್ನೊಂದು.
ಅಷ್ಟರಲ್ಲಿ ಹಿಮದಲ್ಲಿ ಒಬ್ಬಳು ದಾರಿ ತಪ್ಪುತ್ತಾಳೆ,
ಹೆಂಡತಿ ಸತ್ತವನೊಬ್ಬ ಲಾಂದ್ರ ಹಿಡಿದು ಬಾಗಿಲು ತೆರೆಯುತ್ತಾನೆ,
ಇಬ್ಬರೂ ಸೂಪಿನ ಮುಂದೆ ತಲೆ ಬಾಗಿಸುತ್ತಾರೆ,
ಹಾರ್ನ್ ಕೇಳುತ್ತದೆ.
ಆಮೆನ್ ಅನ್ನಲೂ ಬಿಡದೆ
ತೂಕದ ಚೀಟಿ ಸಿಕ್ಕಿಸಿ ಏಳುತ್ತೇನೆ.

ಪುಸ್ತಕಗಳು ನಮ್ಮ ಚರ್ಚಿನ ನೆಲಮಾಳಿಗೆಯವು,
ಕಾಫಿ ಪಾತ್ರೆಗಳ ಪಕ್ಕದ ಕಬ್ಬಿಣದ ಕಪಾಟು.
ಎಲ್ಲ ರಟ್ಟಿನ ಮೇಲೂ ಒಬ್ಬಳೇ ಹುಡುಗಿ,
ಕುಲಾವಿ ತೊಟ್ಟು, ನಮಗೆ ಬೆನ್ನು ಮಾಡಿ
ಹೊಲದ ನಡುವೆ ನಿಂತಿರುತ್ತಾಳೆ.
ಇಷ್ಟು ವರ್ಷವಾಯಿತು, ಅವಳ ಮುಖ ನೋಡಿಲ್ಲ.

"ಮೊದಲ ಪುಟದಲ್ಲೇ ಕೊನೆ ಗೊತ್ತಾಗುತ್ತದಲ್ಲಮ್ಮ!"
ಫಾರ್ಗೋದಲ್ಲಿ ಓದುವ ನನ್ನ ಸಿಗ್ನೆ ನಗುತ್ತಾಳೆ.
ಗೊತ್ತಾಗುತ್ತದೆ. ಶನಿವಾರದ ಹಿಟ್ಟು ಉಬ್ಬುತ್ತದೆಂದೂ ಗೊತ್ತು,
ಆದರೂ ಬಟ್ಟೆ ಎತ್ತಿ ಎತ್ತಿ ನೋಡುತ್ತೇನೆ.

ನಿಜ ಹೇಳಬೇಕೆಂದರೆ ಕೊನೆಗಾಗಿ ಅಲ್ಲ.
ಹದಿನೆಂಟನೇ ಅಧ್ಯಾಯದ ಆಸುಪಾಸು ಯಾರಾದರೊಬ್ಬರು
ಕೊಟ್ಟಿಗೆಗೆ ಹೋಗುತ್ತಾರೆ,
ಹಸುವಿನ ಪಕ್ಕೆಗೆ ಹಣೆ ಒತ್ತಿ
"ಕರ್ತನೇ" ಅಂದು ಅಲ್ಲೇ ನಿಂತುಬಿಡುತ್ತಾರೆ.
ಮುಂದಕ್ಕೆ ಮಾತಿಲ್ಲ. ಹಸು ಮೆಲುಕು ಹಾಕುತ್ತಿರುತ್ತದೆ.

ನಮ್ಮ ಸಭೆಯಲ್ಲಿ ಹಾಗೆ ಯಾರೂ ನಿಲ್ಲುವುದಿಲ್ಲ,
ಎಲ್ಲರ ಪ್ರಾರ್ಥನೆಗೂ ಇಸ್ತ್ರಿ ಹಾಕಿರುತ್ತದೆ.
ತೊದಲುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ನನ್ನ ಓರ್ವಿನ್‌ನನ್ನು ನುಂಗಿದ್ದು ಗೋಧಿ.
ಕಣಜದ ಗಂಟು ಒಡೆಯಲು ಇಳಿದಿದ್ದ,
ಸೊಂಟಕ್ಕೆ ಹಗ್ಗವಿಲ್ಲದೆ.
"ಎರಡು ನಿಮಿಷದ ಕೆಲಸ, ಹಗ್ಗ ಯಾಕೆ?" ಅಂದವನು
ಡೆಲ್ಮರ್ ಸ್ಕೋಗನ್.
ಕಾದಂಬರಿಯಲ್ಲಿ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಲು
ಒಂದು ಅಧ್ಯಾಯ ಸಾಕು.
ನನ್ನ ಹೊಟ್ಟೆಗೆ ಹದಿನಾಲ್ಕು ಸುಗ್ಗಿ ಸಾಲಲಿಲ್ಲ.
ಪ್ರತಿ ವರ್ಷ ಅವನ ಲಾರಿ ಬರುತ್ತದೆ.
ಒಂದು ಪೌಂಡು ಹೆಚ್ಚಿಲ್ಲ, ಒಂದು ಪೌಂಡು ಕಡಿಮೆಯಿಲ್ಲ,
ತೂಗಿ ಕಳಿಸುತ್ತೇನೆ. ಮಾತಿಲ್ಲ.
ನನ್ನಿಂದಾದದ್ದು ಇಷ್ಟು ನ್ಯಾಯ.

ಇನ್ನೊಂದು ವಿಷಯ. ಕಪಾಟಿನ ಯಾವ ಪುಸ್ತಕ ತೆಗೆದರೂ
ಮೂವತ್ತೇಳನೇ ಪುಟದ ಅಂಕಿಯ ಕೆಳಗೆ
ಪೆನ್ಸಿಲಿನ ಒಂದು ಚುಕ್ಕೆ.
ಓದಿದ್ದನ್ನೇ ಮತ್ತೆ ಒಯ್ಯದಂತೆ ಯಾರೋ ಇಟ್ಟುಕೊಂಡ ಗುರುತು.
ಯಾವಾಗಲೂ ನನಗಿಂತ ಮುಂದೆ ಹೋದವರು.
ಪಾದ್ರಿಯ ಹೆಂಡತಿಯಿರಬೇಕು, ಇಲ್ಲವೇ ಮುದುಕಿ ಬೋರ್ಗಿಲ್ಡ್.
ಹಸುವಿನ ಪುಟದಲ್ಲಿ ಹಾಳೆ ಉಬ್ಬಿ ಒಣಗಿರುತ್ತದೆ,
ಯಾರೋ ಒದ್ದೆ ಮಾಡಿದಂತೆ.
ಅವಳ ಜೊತೆ ಒಂದು ದಿನ ಕಾಫಿ ಕುಡಿಯಬೇಕು ಅಂದುಕೊಳ್ಳುತ್ತಿದ್ದೆ.

ಇವತ್ತು ಡೆಲ್ಮರ್ ಲಾರಿಯಲ್ಲಿ,
ಕಿಟಕಿಯಿಂದ ಚೀಟಿ ಕೊಡುವಾಗ ನೋಡಿದೆ:
ಕೈಗವಸಿನ ಕೆಳಗೆ ಅರ್ಧ ಮುಚ್ಚಿದ ರಟ್ಟು,
ಕುಲಾವಿ, ಬೆನ್ನು, ಹೊಲ.
ಕಿವಿಯ ಸಂದಿನಲ್ಲಿ ಮೊಂಡು ಪೆನ್ಸಿಲು.
ನಾನು ನೋಡಿದ್ದು ಅವನು ನೋಡಿದ.
ಅರವತ್ತು ದಾಟಿದ ಗಂಡಸು, ಕತ್ತಿನವರೆಗೆ ಕೆಂಪಾದ.

ಹಿಂದೆ ಮೂರು ಲಾರಿ ಕಾಯುತ್ತಿದ್ದವು.
ಅವನು ಗೇರು ಹಾಕಲಿಲ್ಲ.
ಎಂಜಿನ್ ಆರಿಸಿ, ಸ್ಟಿಯರಿಂಗಿಗೆ ಹಣೆಯೊತ್ತಿ
"ವರ್ನಾ" ಅಂದ.
ಅಲ್ಲೇ ನಿಂತುಬಿಟ್ಟ.

ನನಗೂ ಏನೂ ಬರಲಿಲ್ಲ.
"ಮುಗಿದ ಮೇಲೆ ಕಪಾಟಿಗೆ ಇಡಬೇಡ,
ಇಲ್ಲೇ ಕೊಟ್ಟುಹೋಗು" ಅಂದೆ.
ಆಮೇಲೆ, ಏನಾದರೂ ಹೇಳಬೇಕಲ್ಲ ಎಂದು,
ಈ ಸಲ ನಿನ್ನ ಗೋಧಿ ತುಸು ಹಸಿ, ಅಂದೆ.